ನಾಲ್ಕು ಬೀದಿಗೆ ಹೇಳಿದ ಮಾತು

ಹನ್ನೊಂದು ವರ್ಷ ಯಾರ ಮುಂದೆಯೂ ಬಾಯಿ ಬಿಡದೆ ಕಾಪಾಡಿಕೊಂಡು ಬಂದಿದ್ದ ಗುಟ್ಟನ್ನು ಕಾಜಾ ಅಕ್ಕ ಒಂದು ಸಂಜೆ ಧ್ವನಿವರ್ಧಕದಲ್ಲಿ ಕೇಳಿದಳು. ಹೇಳುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಗಂಡನೇ.

ಅವಳು ಆಗ ಹೊಲಿಗೆ ಅಂಗಡಿಯಲ್ಲಿದ್ದಳು. ಶಾಲೆಗಳು ಶುರುವಾಗಲು ಇನ್ನು ಎರಡೇ ವಾರ. ಸಮವಸ್ತ್ರದ ಅಂಗಿಗಳು ಮೇಜಿನ ಮೇಲೆ, ಮೇಜಿನ ಕೆಳಗೆ, ಕೊನೆಗೆ ನೀರಿನ ಡ್ರಮ್ಮಿನ ಮೇಲೂ ರಾಶಿ ಬಿದ್ದಿದ್ದವು. ಗುಂಡಿ ತೂರಿಸಲು ಬಟ್ಟೆಯನ್ನು ಸೀಳಿ ಅಂಚಿಗೆಲ್ಲ ದಾರ ಹೆಣೆಯುತ್ತಾರಲ್ಲ, ಆ ಕಾಜಾ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಯಂತ್ರ ಬಂದ ಮೇಲೂ ಮದುವೆ ಕೋಟುಗಳ ಕಾಜಾ ಅವಳ ಕೈಗೇ ಬರುತ್ತಿತ್ತು. ಹಾಗಾಗಿ ಬೀದಿಗೆಲ್ಲ ಅವಳು ಕಾಜಾ ಅಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಅವಳ ಗಂಡನಿಗೆ ಮೂಲೆಯಲ್ಲೊಂದು ಸಲೂನು. ಎರಡು ಕುರ್ಚಿ, ಮೂರು ಕನ್ನಡಿ, ಒಂದು ಬಾಯಿ. ಆ ಬಾಯಿ ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದರೆ ಸಂಜೆ ಬಾಗಿಲು ಎಳೆಯುವವರೆಗೂ ಮುಚ್ಚುತ್ತಿರಲಿಲ್ಲ. ಗಿರಾಕಿಗಳು ಅವನಿಗೆ ರೇಡಿಯೋ ಅಂತ ಹೆಸರಿಟ್ಟಿದ್ದರು. ಕತ್ತು ಬಗ್ಗಿಸಿ ಕೂತವನಿಗೆ ಎದ್ದು ಹೋಗುವ ದಾರಿಯಿಲ್ಲವಲ್ಲ, ರೇಡಿಯೋ ಹೇಳಿದ್ದನ್ನೆಲ್ಲ ಕೇಳಲೇಬೇಕು.

ಆ ಸಂಜೆ ಅದೇ ಗಂಟಲು ಬೀದಿಯ ತುದಿಯಿಂದ, ನಾಲ್ಕು ಪಟ್ಟು ದೊಡ್ಡದಾಗಿ, ಅಂಗಡಿಯೊಳಗೆ ನುಗ್ಗಿತು.

"ಪ್ರಿಯ ಸಹೋದರ ಸಹೋದರಿಯರೇ! ನಾನು ಮನುಷ್ಯನಾಗಿರಲಿಲ್ಲ. ನಾನು ಕುಡುಕ. ಏಳು ತಿಂಗಳ ಬಸುರಿ ಹೆಂಡತಿಯನ್ನು ಮೆಟ್ಟಿಲ ಮೇಲಿಂದ ತಳ್ಳಿದ ಪಾಪಿ ನಾನು. ಹೊಟ್ಟೆಯಲ್ಲಿದ್ದ ಮಗು ಸತ್ತುಹೋಯಿತು. ಯಾವ ಕೈಯಿಂದ? ಈ ಕೈಯಿಂದ!" ಇಲ್ಲಿ ಒಂದು ಕ್ಷಣ ಬಿಡುವು. "ಆದರೆ ಕರ್ತನು ಈ ಕೈಯನ್ನು ತೊಳೆದನು!"

"ಸ್ತೋತ್ರ!" ಅಂತ ಹತ್ತಿಪ್ಪತ್ತು ದನಿಗಳು ಕೂಗಿದವು. ಚಪ್ಪಾಳೆ ಬಿತ್ತು.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಮಾಸ್ತರ ಕತ್ತರಿ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಕಾಲರು ಹೊಲಿಯುತ್ತಿದ್ದ ಇಬ್ಬರು ಹೆಂಗಸರು ತಲೆ ಎತ್ತಲಿಲ್ಲ. ತಲೆ ಎತ್ತದೆಯೇ ಎಲ್ಲ ಕೇಳಿಸಿಕೊಂಡೆವು ಅಂತ ಹೇಳುವುದು ಹೇಗೆಂದು ಹೆಂಗಸರಿಗೆ ಚೆನ್ನಾಗಿ ಗೊತ್ತು. ಕಾಜಾ ಅಕ್ಕ ಕೈಯಲ್ಲಿದ್ದ ಸೂಜಿ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಆ ಕಾಜಾ ಮುಗಿಸಿದಳು. ಮುಗಿಸಿದ ಮೇಲೆ ನೋಡಿದರೆ ಗುಂಡಿಯ ಎರಡರಷ್ಟು ಉದ್ದವಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವಳ ಕೈಯಿಂದ ಕೆಟ್ಟ ಮೊದಲ ಅಂಗಿ ಅದು.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿದ್ದು. ಆಗ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಅವನು ಕುಡಿದು ಬಂದಿದ್ದ, ಮಾತಿಗೆ ಮಾತು ಬೆಳೆಯಿತು, ಅವನ ಕೈ ಮುಂದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಕಾಲು ಜಾರಿತು ಅಂದಳು. ಓಡಿ ಬಂದ ತಾಯಿಗೂ ಅದನ್ನೇ ಹೇಳಿದಳು. ಗಂಡ ಮಾರನೆಯ ದಿನ ಅಮಲಿಳಿದು ವಾರ್ಡಿನ ಬಾಗಿಲಿಗೆ ಬಂದ. ಅವನ ಬಾಯಿಂದ ಬಂದ ಮೊದಲ ಮಾತು, "ನೀನು ಯಾರಿಗೂ ಹೇಳ್ಲಿಲ್ಲ ತಾನೆ?" ಅವಳು ಇಲ್ಲ ಅಂತ ತಲೆ ಆಡಿಸಿದಳು. ಅಲ್ಲಿಗೆ ಮುಗಿಯಿತು. ಮತ್ತೆ ಮಕ್ಕಳಾಗಲಿಲ್ಲ. ಆ ಮಾತೂ ಮತ್ತೆ ಎದ್ದು ಬರಲಿಲ್ಲ. ಅವನು ಹೇಳಬೇಡ ಅಂದಿದ್ದನ್ನು ಅವಳು ಹೇಳಲಿಲ್ಲ, ಅಷ್ಟೆ. ಈಗ ಅವನೇ ಡಂಗುರ ಸಾರುತ್ತಿದ್ದಾನೆ, ಅದಕ್ಕೆ ಜನ ಚಪ್ಪಾಳೆ ಬೇರೆ ತಟ್ಟುತ್ತಿದ್ದಾರೆ.

ಇಷ್ಟಕ್ಕೂ ಅವನು ಅಲ್ಲಿಗೆ ಹೋಗಿ ನಿಂತದ್ದು ಹೇಗೆ? ಟೈರ್ ಗೋದಾಮಿನ ಹಿಂದೆ ತಗಡಿನ ಸೂರಿನ, ಕ್ರೈಸ್ತರ ಒಂದು ಸಣ್ಣ ಪ್ರಾರ್ಥನಾ ಸಭೆಯಿದೆ. ಹಳೆಯ ಪಾಸ್ಟರು ತೀರಿಕೊಂಡ ಮೇಲೆ ಅಲ್ಲಿಗೆ ಹೊಸಬನೊಬ್ಬ ಬಂದ. ಇನ್ನೂ ಮೂವತ್ತು ದಾಟದ ಹುರುಪಿನ ಮನುಷ್ಯ. ಬಂದ ವಾರವೇ ಕ್ಷೌರಕ್ಕೆ ಬಂದು ರೇಡಿಯೋನ ಕುರ್ಚಿಯಲ್ಲಿ ಕೂತ. ಮುಕ್ಕಾಲು ಗಂಟೆ ತುಟಿ ಪಿಟಕ್ಕೆನ್ನದೆ ಅವನ ಮಾತು ಕೇಳಿಸಿಕೊಂಡ. ತನ್ನ ಮಾತನ್ನು ಅಷ್ಟು ಹೊತ್ತು ಕೇಳಿದ ಮೊದಲ ಮನುಷ್ಯ ಅವನೇ ಅಂತ ರೇಡಿಯೋ ಆ ಭಾನುವಾರವೇ ಸಭೆಗೆ ಹೋದ. ಮೂರು ತಿಂಗಳಲ್ಲಿ ಕುಡಿತ ಬಿಟ್ಟ. ಬಿಟ್ಟದ್ದು ನಿಜ, ಅದನ್ನು ಕಾಜಾ ಅಕ್ಕನೂ ಇಲ್ಲವೆನ್ನಲಿಲ್ಲ. ಏಳು ತಿಂಗಳಿಂದ ಆ ವಾಸನೆ ಮನೆಯೊಳಗೆ ಬಂದಿರಲಿಲ್ಲ. ಅವಳೂ ಒಳಗೊಳಗೆ ಹಗುರವಾಗಿದ್ದಳು, ಸುಳ್ಳೇಕೆ.

ಆದರೆ ಹೊಸ ಪಾಸ್ಟರಿಗೆ ಒಬ್ಬ ಕುಡುಕ ಕುಡಿತ ಬಿಟ್ಟರೆ ಸಾಲದು, ನಾಲ್ಕು ಬೀದಿಗೆ ಅದು ಗೊತ್ತಾಗಬೇಕು. ನಾಲ್ಕು ವಾರ, ನಾಲ್ಕು ಬೀದಿ, ಒಂದೊಂದು ಬೀದಿಯಲ್ಲಿ ಸಂಜೆ ಆರಕ್ಕೆ ಸುವಾರ್ತೆ ಸಭೆ ಅಂತ ಯೋಜನೆ ಹಾಕಿದ. ಜನ ಬರಬೇಕಾದರೆ ಸಾಕ್ಷಿ ಬೇಕು. ಸಾಕ್ಷಿಯೆಂದರೆ ಹೊಸ ವಿಶ್ವಾಸಿ ಮೈಕ್ ಹಿಡಿದು, ತಾನು ಹೇಗಿದ್ದೆ, ಈಗ ಹೇಗಾದೆ ಅಂತ ಹೇಳಿಕೊಳ್ಳುವುದು. ಎಷ್ಟು ಕೆಟ್ಟವನಾಗಿದ್ದರೆ ಅಷ್ಟು ಒಳ್ಳೆಯ ಸಾಕ್ಷಿ. ರೇಡಿಯೋಗೆ ಮೈಕ್ ಕೊಟ್ಟರೆ ಕೇಳಬೇಕೇ? ಇಷ್ಟು ವರ್ಷ ಒಬ್ಬೊಬ್ಬರ ತಲೆ ಹಿಡಿದು ಮಾತಾಡುತ್ತಿದ್ದವನಿಗೆ ಒಂದೇ ಸಲ ಇನ್ನೂರು ತಲೆ ಸಿಕ್ಕಿದವು.

ಆ ಸಂಜೆ ಮನೆಗೆ ಬಂದಾಗ ಅವನ ಮುಖ ಹೊಳೆಯುತ್ತಿತ್ತು.

"ನಾವೂ ಸಭೆಗೆ ಬರ್ತೀವಿ ಅಂತ ಮೂರು ಜನ ಕೈ ಎತ್ತಿದ್ರು ಕಣೇ, ಮೂರು ಜನ! ನನ್ನ ಸಾಕ್ಷಿ ಕೇಳಿ!"

"ಯಾರನ್ನ ಕೇಳಿ ಹೇಳಿದ್ರಿ?"

"ಯಾರನ್ನ ಕೇಳೋದು? ನನ್ನ ಪಾಪ, ನಾನು ಹೇಳ್ಕೊಂಡೆ."

"ಪಾಪ ನಿಮ್ದು. ಹೊಟ್ಟೆ ನಂದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಇನ್ನೂ ಕತ್ತಲೆಯಲ್ಲಿದ್ದಾಳೆ, ಪ್ರಾರ್ಥನೆ ಮಾಡಬೇಕು ಅಂದುಕೊಂಡ. ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ಆವತ್ತು ಅವನು ತಾನೇ ಬಡಿಸಿಕೊಂಡು ಉಂಡ.

ಮಾರನೆಯ ಬೆಳಿಗ್ಗೆ ಕಾಜಾ ಅಕ್ಕನ ತಾಯಿ ಬಂದಳು. ಅವಳಿದ್ದದ್ದು ಎರಡು ಬೀದಿ ಆಚೆ, ಮಗನ ಮನೆಯಲ್ಲಿ. ಮಂಡಿ ನೋವೆಂದು ಆರು ತಿಂಗಳಿಂದ ಹೊಸ್ತಿಲು ದಾಟದಿದ್ದ ಮುದುಕಿ ಗೋಡೆ ಹಿಡಿದುಕೊಂಡು ನಡೆದು ಬಂದಿದ್ದಳು. ಕೂರು ಅಂದರೆ ಕೂರಲಿಲ್ಲ.

"ಕಾಲು ಜಾರ್ತು ಅಂದ್ಯಲ್ಲೇ. ಹನ್ನೊಂದು ವರ್ಷದಿಂದ ನಾನು ಆ ಮೆಟ್ಟಿಲಿಗೆ ಶಾಪ ಹಾಕ್ತಾ ಇದೀನಿ."

"ಅಮ್ಮಾ..."

"ಹೆತ್ತವಳ ಹತ್ರ ಮುಚ್ಚಿಟ್ಟೆ. ಈಗ ಪಕ್ಕದ ಮನೆಯವಳು ಬಂದು, ಪಾಪ, ನಿಮ್ಮ ಮಗಳಿಗೆ ಹಿಂಗಾಗಿತ್ತಂತಲ್ಲ ಅಂತ ನನಗೆ ಸಮಾಧಾನ ಮಾಡ್ತಾಳೆ. ಅವಳ ಮುಂದೆ ನಾನು ಬೆಪ್ಪು ತಕ್ಕಡಿ ಥರ ನಿಂತಿದ್ದೆ. ಅವನು ತಳ್ಳಿದ, ಸರಿ, ಕುಡುಕ. ನಿನಗೇನಾಗಿತ್ತೇ, ನನ್ನ ಹತ್ರ ಒಂದು ಮಾತು ಹೇಳೋಕೆ?"

ತಾಯಿ ಬಂದ ಹಾಗೇ ಗೋಡೆ ಹಿಡಿದುಕೊಂಡು ಹೋದಳು. ಆಮೇಲೆ ಎರಡು ಸಲ ಕಾಜಾ ಅಕ್ಕ ಆ ಮನೆಗೆ ಹೋದಾಗಲೂ ಮುದುಕಿ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿಯೇ ಇದ್ದಳು. ಕುಡುಕನಿಂದ ಹೋದದ್ದು ಒಂದು, ಕುಡಿತ ಬಿಟ್ಟವನಿಂದ ಹೋದದ್ದು ಇನ್ನೊಂದು ಅಂತ ಕಾಜಾ ಅಕ್ಕ ದಾರಿಯುದ್ದಕ್ಕೂ ಗೊಣಗಿಕೊಂಡು ವಾಪಸಾದಳು.

ಎರಡನೆಯ ಬೀದಿ, ಮೂರನೆಯ ಬೀದಿ ಆದವು. ಪ್ರತಿ ವಾರ ಸಾಕ್ಷಿ ಇನ್ನಷ್ಟು ನಯವಾಯಿತು. ಏಳು ತಿಂಗಳಿದ್ದದ್ದು ಎಂಟಾಯಿತು. ಹನ್ನೊಂದು ಮೆಟ್ಟಿಲು ಇಪ್ಪತ್ತಾದವು. ಕೈ ಎಲ್ಲಿ ಎತ್ತಬೇಕು, ದನಿ ಎಲ್ಲಿ ಒಡೆಯಬೇಕು ಅಂತ ಪಾಸ್ಟರು ಹೇಳಿಕೊಟ್ಟಿದ್ದ. ಮೋಸ ಮಾಡಬೇಕೆಂದಲ್ಲ, ಪಾಪದ ಮನುಷ್ಯ, ಬೀದಿ ಬದಿಯಲ್ಲಿ ನಿಂತವರು ಕಾಲು ಕೀಳಬಾರದಲ್ಲ ಅಂತ. ನಾಲ್ಕನೆಯ ಬೀದಿ ಅವಳ ತಾಯಿ ಇದ್ದದ್ದು. ಅಲ್ಲಿ ಬೇಡ ಅಂತ ಕಾಜಾ ಅಕ್ಕ ಗಂಡನಿಗೆ ಹೇಳಿದಳು. ಅವನು, "ಪಾಸ್ಟರು ಪಾಂಪ್ಲೆಟ್ ಹಂಚಿಬಿಟ್ಟಿದಾರೆ," ಅಂದ.

ನಾಲ್ಕೂ ಬೀದಿ ಮುಗಿದ ಶನಿವಾರ ಮಧ್ಯಾಹ್ನ ಮನೆಗೆ ಸಭೆಯ ಸ್ವಾಗತ ತಂಡ ಬಂತು. ತಂಡವೆಂದರೆ ಪಾಸ್ಟರ ಹೆಂಡತಿ ಮತ್ತು ಅವಳ ಹಿಂದೆ ನಗುಮುಖದ ಇಬ್ಬರು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಹೂವಿನ ಚಿತ್ರದ ಒಂದು ಕಾರ್ಡು. ಕಾಜಾ ಅಕ್ಕ ಮನೆಯ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಏಳಲಿಲ್ಲ. ಅವರು ತಾವೇ ಚಾಪೆ ಹಾಸಿಕೊಂಡರು.

"ನಿಮ್ಮ ಕಥೆ ಕೇಳಿ ನಾವೆಲ್ಲ ಅತ್ತುಬಿಟ್ವಿ ಅಕ್ಕಾ," ಅಂದಳು ಪಾಸ್ಟರ ಹೆಂಡತಿ.

"ನನ್ನ ಕಥೆ ನಿಮಗೆ ಯಾರು ಹೇಳಿದ್ದು?"

"ಬ್ರದರ್ ಹೇಳಿದ್ರಲ್ಲ..."

"ಅದು ಅವರ ಕಥೆ. ನನ್ನದನ್ನ ನಾನಿನ್ನೂ ಯಾರಿಗೂ ಹೇಳಿಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು. ಹಾಗಾದರೆ ಹೇಳಿ ಅಂತ ಒಬ್ಬಳಾದರೂ ಅನ್ನಬಹುದಿತ್ತು, ಅನ್ನಲಿಲ್ಲ. "ಒಂದು ಸಣ್ಣ ಪ್ರಾರ್ಥನೆ ಮಾಡೋಣ," ಅಂದರು. ಕಣ್ಣು ಮುಚ್ಚಿದರು. ಕಾಜಾ ಅಕ್ಕ ಯಂತ್ರ ತುಳಿಯತೊಡಗಿದಳು. ಯಂತ್ರ ಹಳೆಯದು, ಸದ್ದು ಜಾಸ್ತಿ. ಅವರು ದನಿ ಏರಿಸಿದರು. ಅವಳು ಇನ್ನೂ ಜೋರಾಗಿ ತುಳಿದಳು. ಈ ಹೃದಯವನ್ನು ಕರಗಿಸು ಕರ್ತನೇ ಅಂತ ಅವರು, ಕಟ ಕಟ ಕಟ ಅಂತ ಇವಳು. ಕೊನೆಗೆ ದಾರ ಕಡಿದುಹೋಗಿ ಯಂತ್ರ ನಿಂತಿತು, ಅಷ್ಟರಲ್ಲಿ ಅವರ ಆಮೆನ್ನೂ ಆಗಿತ್ತು.

ಆಗ ಬಂದ ಕೆಲಸ ಹೊರಗೆ ಬಂತು. ಮುಂದಿನ ಭಾನುವಾರ ರೇಡಿಯೋಗೆ ದೀಕ್ಷಾಸ್ನಾನ. ಆ ಸಭೆಯಲ್ಲಿ ಹಳೆಯ ಕಾಲದಿಂದ ಒಂದು ಕಟ್ಟಳೆಯಿದೆ. ನೀರಿಗಿಳಿಯುವವನು ತಾನು ಯಾರಿಗೆ ಎಲ್ಲರಿಗಿಂತ ಹೆಚ್ಚು ಅನ್ಯಾಯ ಮಾಡಿದ್ದಾನೋ ಅವರನ್ನು ಕರೆದುಕೊಂಡು ಬರಬೇಕು. ಅವರು ಎಲ್ಲರ ಮುಂದೆ ಎದ್ದು ನಿಂತು, ಇವರ ಮೇಲೆ ನನಗೆ ಇನ್ನೇನೂ ದೂರಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸ್ನಾನವಿಲ್ಲ. ಹಿಂದೊಮ್ಮೆ ಒಬ್ಬನ ನಾಯಿ ಪಕ್ಕದ ಮನೆಯ ಹುಂಜವನ್ನು ಕಚ್ಚಿ ಸಾಯಿಸಿತ್ತಂತೆ. ಹುಂಜದ ಯಜಮಾನ ಜಪ್ಪಯ್ಯ ಅಂದರೂ ಒಪ್ಪದೆ ಅವನ ದೀಕ್ಷಾಸ್ನಾನ ಮೂರು ವಾರ ಮುಂದಕ್ಕೆ ಹೋಗಿತ್ತು.

"ನೀವು ಒಂದು ಮಾತು ಹೇಳಿದ್ರೆ ಸಾಕು ಅಕ್ಕಾ. ಹೊರಗಿನಿಂದ ದೊಡ್ಡ ಬೋಧಕರು ಬರ್ತಿದ್ದಾರೆ. ತಲೆ ಆಡಿಸಿದ್ರೂ ನಡೆಯುತ್ತೆ."

ಕಾಜಾ ಅಕ್ಕ ನಕ್ಕಳು. ಆ ಮೂವರು ನೋಡಿದ ಅವಳ ಮೊದಲ ನಗು ಅದು, ನೋಡಿ ಸಂತೋಷಪಡುವಂಥದ್ದಲ್ಲ. "ಬಿಸ್ಕತ್ತು ತಗೊಂಡು ಹೋಗಿ," ಅಂದಳು. "ನಾನು ಸಿಹಿ ತಿನ್ನಲ್ಲ."

ಆ ವಾರವೆಲ್ಲ ಗಂಡ ಬಾಲ ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಸುತ್ತಾಡಿದ. ಪಾತ್ರೆ ತೊಳೆದ, ನೀರು ತುಂಬಿದ, ಅವಳ ಯಂತ್ರಕ್ಕೆ ಎಣ್ಣೆ ಹಾಕಿದ. "ಒಂದು ಮಾತು ಹೇಳ್ಬಿಡೇ. ನಾನೀಗ ಮೊದಲಿನ ಥರ ಇದೀನಾ ನೀನೇ ಹೇಳು," ಅಂದ. ಅವಳು ಸೂಜಿಗೆ ದಾರ ಪೋಣಿಸಿದಳು. ಬೀದಿಯವರೂ ಅವನ ಕಡೆಗೇ. ಕುಡಿಯೋದು ಬಿಟ್ಟಿದ್ದಾನೆ, ತಪ್ಪು ಒಪ್ಪಿಕೊಂಡಿದ್ದಾನೆ, ಅದೂ ಊರ ಮುಂದೆ, ಇನ್ನೇನಂತೆ ಇವಳಿಗೆ? ಹಟ, ಕೊಬ್ಬು. ನಾಲ್ಕು ಜನರ ಕಣ್ಣಲ್ಲಿ ನೀರು ತರಿಸಿದ ಗಂಡಸಿನ ಮುಂದೆ ಬಾಯಿ ಮುಚ್ಚಿಕೊಂಡಿರುವ ಹೆಂಗಸು ಯಾವತ್ತಿದ್ದರೂ ಕೆಟ್ಟವಳೇ.

ಶುಕ್ರವಾರ ಸಂಜೆ ಇನ್ನೊಬ್ಬರು ಬಂದರು. ಸಭೆಯ ಹಿರಿಯ, ಎಲ್ಲರೂ ನಲ್ಲಿ ತಾತ ಅನ್ನುವ ಮುದುಕ. ಜೀವನವಿಡೀ ನಲ್ಲಿ ರಿಪೇರಿ ಮಾಡಿದವನು. ದೀಕ್ಷಾಸ್ನಾನದ ತೊಟ್ಟಿ ಕಟ್ಟಿದವನೂ ಅವನೇ, ಆ ಕಟ್ಟಳೆ ತಂದವನೂ ಅವನೇ. ಬಾಗಿಲಲ್ಲಿ ನಿಂತು, "ಒಳಗೆ ಬರ್ಲಾ ತಾಯಿ?" ಅಂದ. ಆ ಸಭೆಯವರಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಅವಳು ಬನ್ನಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ಹೊಸ್ತಿಲ ಮೇಲೇ ಕೂತ.

"ಭಾನುವಾರ ನಿನ್ನ ಕೇಳ್ತಾರೆ. ಇಷ್ಟ ಇಲ್ದಿದ್ರೆ ಬರಬೇಡ. ಬಂದ್ರೆ ಸುಳ್ಳು ಹೇಳಬೇಡ. ಯಾರನ್ನೋ ಸಮಾಧಾನ ಮಾಡೋಕೆ ಅಲ್ಲ ಆ ಪ್ರಶ್ನೆ ಇಟ್ಟಿರೋದು. ಇಷ್ಟೇ ಹೇಳೋಕೆ ಬಂದೆ."

"ಇಷ್ಟೆಲ್ಲ ತಿಳಿದವರು ಆ ಮೈಕ್ ಯಾಕೆ ನಿಲ್ಲಿಸ್ಲಿಲ್ಲ?"

ಮುದುಕ ತನ್ನ ಅಂಗೈ ನೋಡಿಕೊಂಡ. "ಜನ ಬರ್ತಾ ಇದ್ರಲ್ಲ. ಎಷ್ಟೋ ವರ್ಷದ ಮೇಲೆ ಬೆಂಚುಗಳು ತುಂಬ್ತಾ ಇದ್ವು. ಅದಕ್ಕೆ ಸುಮ್ಮನಿದ್ದೆ. ತಪ್ಪಾಯ್ತು," ಅಂದು ಎದ್ದುಹೋದ. ಅವಳು ಅವನಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ, ಬೇಕೆಂತಲೇ.

ಭಾನುವಾರ ಅವಳು ಹೋದಳು. ಗಂಡನ ಮೇಲಿನ ಕನಿಕರದಿಂದ ಖಂಡಿತ ಅಲ್ಲ. ಹೋಗದೆ ಮನೆಯಲ್ಲಿ ಕೂತರೆ ತನ್ನ ಪರವಾಗಿ ಇನ್ಯಾರೋ ತಲೆ ಆಡಿಸಿಬಿಟ್ಟಾರು ಎಂಬ ಅನುಮಾನದಿಂದ. ಬಾಗಿಲಲ್ಲೇ ನಗುಮುಖದವಳೊಬ್ಬಳು ಅವಳ ಎದೆಗೆ 'ಹೊಸಬರು, ಸ್ವಾಗತ' ಎಂಬ ಗುಲಾಬಿ ಬಣ್ಣದ ಚೀಟಿ ಅಂಟಿಸಿದಳು. ಕಾಜಾ ಅಕ್ಕ ಅದನ್ನು ಕಿತ್ತು ಮುಂದಿನ ಕುರ್ಚಿಯ ಬೆನ್ನಿಗೆ ಅಂಟಿಸಿ ಕೂತಳು. ಸಭೆ ಕಿಕ್ಕಿರಿದಿತ್ತು. ಒಳಗೆ ಜಾಗ ಸಾಲದೆ ಹೊರಗೂ ಬೆಂಚು ಹಾಕಿದ್ದರು, ಅವರಿಗಾಗಿ ಗೋಡೆಗೆ ಧ್ವನಿವರ್ಧಕ ಕಟ್ಟಿದ್ದರು. ದೊಡ್ಡ ಬೋಧಕರು ಮೊದಲ ಸಾಲಿನಲ್ಲಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಮೊದಲು ಒಬ್ಬ ವ್ಯಾನ್ ಡ್ರೈವರ್ ಇಳಿದ. ಅವನ ಭಾವಮೈದುನ ಎದ್ದು ನಿಂತು, ಕೆಮ್ಮಿ, ನನಗೇನೂ ಇಲ್ಲ ಅಂದ. ಡ್ರೈವರ್ ಮುಳುಗಿ ಎದ್ದ, ಎಲ್ಲರೂ ಹಾಡಿದರು. ಆಮೇಲೆ ರೇಡಿಯೋ. ಯಾರದೋ ಉದ್ದದ ಬಿಳಿ ನಿಲುವಂಗಿ ತೊಟ್ಟಿದ್ದ. ಹೊಲಿದುಕೊಡಿ ಅಂತ ಅವಳ ಬಳಿಗೇ ಬಟ್ಟೆ ಕಳಿಸಿದ್ದರು, ಅವಳು ವಾಪಸು ಕಳಿಸಿದ್ದಳು. ಸೊಂಟದ ಮಟ್ಟದ ನೀರಿನಲ್ಲಿ ಅಂಗಿಯ ಅಂಚು ಅವನ ಸುತ್ತ ಉಬ್ಬಿ ತೇಲುತ್ತಿತ್ತು. ಅವನು ಎರಡು ಕೈಯಿಂದಲೂ ಅದನ್ನು ಒತ್ತಿ ಒತ್ತಿ ಮುಳುಗಿಸುತ್ತಿದ್ದ.

"ನಮ್ಮ ಸಹೋದರನ ಧರ್ಮಪತ್ನಿ ಬಂದಿದ್ದಾರೆ," ಅಂದ ಪಾಸ್ಟರು. ಜನ ಚಪ್ಪಾಳೆ ತಟ್ಟಿದರು. "ಅಕ್ಕಾ, ಇವರ ಮೇಲೆ ನಿಮಗೆ ಇನ್ನೇನಾದರೂ ಇದೆಯಾ?"

ಅವಳು ಎದ್ದು ನಿಂತಳು. "ಇದೆ," ಅಂದಳು.

ಹಾಡಿನ ಪುಸ್ತಕ ತಿರುವುತ್ತಿದ್ದವರ ಕೈ ನಿಂತಿತು. ಪಾಸ್ಟರ ನಗು ಮುಖದ ಮೇಲೆ ಹಾಗೇ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

"ಏನಂತ ಹೇಳಿ ಅಕ್ಕಾ."

"ನಾಲ್ಕು ಬೀದಿಗೆ ಹೇಳಿದ್ದಾರೆ. ನನ್ನ ಅಮ್ಮನ ಬೀದಿಗೂ ಹೇಳಿದ್ದಾರೆ. ನನಗೆ ಹೇಳಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ, ಮನೆಯೊಳಗೆ, ನನ್ನ ಮುಖ ನೋಡಿ ಒಂದು ಮಾತು ಆಡಿಲ್ಲ. ದೇವರು ಕ್ಷಮಿಸಿದ್ದಾನೋ ಇಲ್ವೋ ನನಗೆ ಗೊತ್ತಿಲ್ಲ. ನನ್ನ ಹತ್ರ ಯಾರೂ ಕ್ಷಮೆ ಕೇಳೇ ಇಲ್ಲ."

ಇಡೀ ಸಭೆಯಲ್ಲಿ ನಲ್ಲಿ ತಾತನೊಬ್ಬ ತಲೆ ತಗ್ಗಿಸಿದ.

ಪಾಸ್ಟರ ಮುಖ ಥಟ್ಟನೆ ಬೆಳಗಿತು. ಅಯ್ಯೋ, ಇಷ್ಟೇನಾ, ಇದಕ್ಕೆ ಔಷಧ ನನ್ನ ಕೈಯಲ್ಲೇ ಇದೆಯಲ್ಲ ಅಂದುಕೊಂಡನೇನೋ. "ಬ್ರದರ್, ಈಗಲೇ ಹೇಳಿಬಿಡಿ! ಎಲ್ಲರ ಮುಂದೆ ಹೇಳಿಬಿಡಿ!" ಅನ್ನುತ್ತ ಕೈಯಲ್ಲಿದ್ದ ಮೈಕನ್ನೇ ತೊಟ್ಟಿಯ ಕಡೆ ಚಾಚಿದ. "ನೀರಲ್ಲಿದಾನೆ, ಕರೆಂಟು ಹೊಡೆದೀತು!" ಅಂತ ಹಿಂದಿನ ಸಾಲಿನಿಂದ ಯಾರೋ ಕೂಗಿದರು. ರೇಡಿಯೋ ತೊಟ್ಟಿಯ ಅಂಚಿಗೆ ಬಂದು, ಒದ್ದೆ ಕೈಯನ್ನು ತಲೆಗೂದಲಿಗೆ ಒರೆಸಿಕೊಂಡು ಮೈಕ್ ಹಿಡಿದ. ಹೆಂಡತಿಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. ಬೆನ್ನು ತಾನಾಗಿಯೇ ನೆಟ್ಟಗಾಯಿತು, ಬಲಗೈ ತಾನಾಗಿಯೇ ಮೇಲೆದ್ದಿತು.

"ಪ್ರಿಯ ಸಹೋದರ ಸಹೋದರಿಯರೇ," ಅಂದ.

"ಸ್ತೋತ್ರ!" ಅಂದಿತು ಸಭೆ, ರೂಢಿಯಂತೆ.

ಕಾಜಾ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಕುರ್ಚಿಗಳ ನಡುವಿನಿಂದ ಹೊರಟಳು. ಯಾರೋ ಅವಳ ತೋಳು ಹಿಡಿದರು, ಕೊಡವಿಕೊಂಡಳು. ಬೀದಿಗೆ ಬಂದಳು. ಧ್ವನಿವರ್ಧಕ ಅವಳ ಬೆನ್ನ ಹಿಂದೆಯೇ ಇತ್ತು. ಇನ್ನೇನು ಬರುತ್ತದೆ, ಮೆಟ್ಟಿಲು ಬರುತ್ತದೆ, ಈ ಕೈಯಿಂದ ಅನ್ನುವುದು ಬರುತ್ತದೆ ಅಂತ ಅವಳು ಕಿವಿ ಗಟ್ಟಿಮಾಡಿಕೊಂಡು ನಡೆದಳು. ಏನೂ ಬರಲಿಲ್ಲ. ಉಸಿರಾಡುವ ಸದ್ದು ಮಾತ್ರ, ದೊಡ್ಡದಾಗಿ, ಬೀದಿ ತುಂಬ. ಆಮೇಲೆ ಮೈಕ್ ಎಲ್ಲೋ ಬಿದ್ದ ಸದ್ದು. ಆಮೇಲೆ ಪಾಸ್ಟರ ದನಿ: "ಬ್ರದರ್, ನಿಲ್ಲಿ... ಬ್ರದರ್, ಮನೆಗೆ ಹೋದ ಮೇಲೆ ಮಾತಾಡಿದರಾಯಿತು..." ಅಷ್ಟರಲ್ಲಿ ಯಾರೋ ಧ್ವನಿವರ್ಧಕ ಆರಿಸಿದರು.

ಅವಳು ತಿರುಗಿ ನೋಡಲಿಲ್ಲ. ಟೈರ್ ಗೋದಾಮು ದಾಟುವ ಹೊತ್ತಿಗೆ ಹಿಂದೆ ಒದ್ದೆ ಬಟ್ಟೆ ಕಾಲಿಗೆ ಬಡಿಯುವ ಸದ್ದು ಕೇಳಿತು. ಚಪ್ಪಲಿಯಿಲ್ಲದ ಕಾಲು. ಭಾನುವಾರದ ಬೀದಿ, ಬಾಗಿಲು ಬಾಗಿಲಿಗೂ ಜನ. ನಿಲುವಂಗಿ ಎತ್ತಿ ಹಿಡಿದುಕೊಂಡು, ನೀರು ಸುರಿಸಿಕೊಂಡು ಹೆಂಡತಿಯ ಹಿಂದೆ ಹೋಗುತ್ತಿದ್ದ ರೇಡಿಯೋನನ್ನು ಕಂಡು ಒಬ್ಬಿಬ್ಬರು ನಕ್ಕರು. "ಏನಪ್ಪಾ, ನೀರು ತಣ್ಣಗಿತ್ತಾ?" ಅಂತ ಒಬ್ಬ ಗಿರಾಕಿ ಕೇಳಿದ. ಯಾವ ಮಾತಿಗೂ ಮರುಮಾತಿಲ್ಲದೆ ಹೋದವನಲ್ಲ ರೇಡಿಯೋ. ಆವತ್ತು ಹೋದ.

ಅವಳು ಮನೆಯೊಳಗೆ ಹೋದಳು. ಬಾಗಿಲು ಹಾಕಬೇಕೆಂದಿದ್ದಳು, ಹಾಕಲಿಲ್ಲ. ಅವನು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ ನಿಂತೇ ಇದ್ದ. ನಾಲ್ಕು ಬೀದಿಯಲ್ಲಿ ಹರಿದಾಡಿದ ಮಾತು ಮೂರು ಮಾರು ದೂರ ದಾಟುತ್ತಿರಲಿಲ್ಲ. ಕೊನೆಗೆ ಬಂದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವನದೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ.

"ನಾನು ಕೇಳ್ಲೇ ಇಲ್ಲ," ಅಂದ. "ಅದು... ಗಂಡಾಗಿತ್ತಾ, ಹೆಣ್ಣಾಗಿತ್ತಾ?"

ಕಾಜಾ ಅಕ್ಕ ಗೋಡೆಗೆ ಒರಗಿದಳು. ವಾರ್ಡಿನ ಬಾಗಿಲಲ್ಲಿ ಅವನು ನಿಂತ ದಿನ ಈ ಪ್ರಶ್ನೆಗೆ ಕಾದಿದ್ದಳು. ಆ ವರ್ಷವೆಲ್ಲ ಕಾದಿದ್ದಳು. ಆಮೇಲೆ ಕಾಯುವುದನ್ನು ಬಿಟ್ಟಿದ್ದಳು, ಬಿಟ್ಟದ್ದು ಯಾವಾಗ ಅಂತ ಅವಳಿಗೇ ತಿಳಿಯದು. ಅವನನ್ನು ಬೈಯಲು ನೂರು ಮಾತು ಬಾಯಲ್ಲಿ ಸಿದ್ಧವಾಗಿದ್ದವು. ಇದಕ್ಕೆ ಮಾತ್ರ ಏನೂ ಸಿದ್ಧವಿರಲಿಲ್ಲ.

"ಹೆಣ್ಣು," ಅಂದಳು. "ತಲೆ ತುಂಬ ಕೂದಲಿತ್ತು. ಕಿವಿ ನಿಮ್ಮದೇ. ನರ್ಸಮ್ಮ ಬಟ್ಟೆ ಸುತ್ತಿ ಕೈಗೆ ಕೊಟ್ಟಿದ್ರು. ಇನ್ನೂ ಬೆಚ್ಚಗಿತ್ತು."

ಅವನು ನಿಂತಲ್ಲೇ ಕುಸಿದು ಕೂತ. ಎರಡು ಅಂಗೈಯಿಂದಲೂ ಮುಖ ಮುಚ್ಚಿಕೊಂಡ. ಅವಳು ಹತ್ತಿರ ಹೋಗಲಿಲ್ಲ. ಹೋಗಬೇಕು ಅಂತ ಅನ್ನಿಸಲೂ ಇಲ್ಲ.

"ನಾನು ನಿಮ್ಮನ್ನ ಕ್ಷಮಿಸಿಲ್ಲ," ಅಂದಳು.

"ಹೂಂ."

"ಕ್ಷಮಿಸ್ತೀನಿ ಅಂತಾನೂ ಹೇಳ್ತಾ ಇಲ್ಲ."

"ಹೂಂ."

"ಈಗ ಹೇಳಿದ್ದು ಎಲ್ಲಾದ್ರೂ ಮೈಕಲ್ಲಿ ಬಂತೋ, ನಿಮ್ಮ ಕತ್ತರಿಯಿಂದಲೇ ನಿಮ್ಮ ನಾಲಿಗೆ ಕತ್ತರಿಸ್ತೀನಿ."

ಅವನು ಇಲ್ಲ ಇಲ್ಲ ಅಂತ ತಲೆ ಆಡಿಸಿದ. ಎದುರು ಮನೆಯವಳು ಕಿಟಕಿಯಿಂದ ಇಣುಕುತ್ತಿದ್ದಳು. ಕಾಜಾ ಅಕ್ಕ ಅವಳನ್ನೇ ದುರುಗುಟ್ಟಿ ನೋಡಿದಳು, ಕಿಟಕಿ ಮುಚ್ಚಿಕೊಂಡಿತು.

"ಎಷ್ಟು ಹೊತ್ತು ಇಟ್ಕೊಂಡಿದ್ದೆ?" ಅಂತ ಅವನು ಮುಖ ಎತ್ತದೆ ಕೇಳಿದ.

ಅವಳು ಮಣೆ ಎಳೆದುಕೊಂಡು ಹೊಸ್ತಿಲ ಒಳಬದಿಗೆ ಕೂತಳು. ಅವನು ಹೊರಬದಿಯಲ್ಲೇ ಇದ್ದ. ಒಳಗೆ ಬನ್ನಿ ಅಂತ ಅವಳು ಕರೆಯಲಿಲ್ಲ. ಮೊದಲು ಆ ನರ್ಸಮ್ಮನ ವಿಷಯ ಹೇಳಿದಳು, ಆಮೇಲೆ ಉಳಿದದ್ದು. ಆ ದಿನ ಮಧ್ಯಾಹ್ನದವರೆಗೂ ಆ ಮನೆಯಲ್ಲಿ ಮಾತಾಡಿದವಳು ಅವಳೊಬ್ಬಳೇ.